ಕೇಕಿನ ಮೇಲೆ ಕಂದು, ತಳ ಹಸಿ: ತಪ್ಪು ಕಾಯಿಲ್‌ನದೋ, ಕರೆಂಟಿನದೋ?

ಪ್ರಶ್ನೆ: ನಾನು ಗಂಗಾವತಿಯಲ್ಲಿ ಮನೆಯಲ್ಲೇ ಕೇಕ್, ಬಿಸ್ಕತ್ತು ಮಾಡಿ ಆರ್ಡರಿಗೆ ಕೊಡುತ್ತೇನೆ. ನನ್ನ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ) ಓವನ್ನಿನ ಹಿಂಬದಿಯ ಪಟ್ಟಿಯಲ್ಲಿ 230 ವೋಲ್ಟ್, 1600 ವ್ಯಾಟ್ ಎಂದಿದೆ. ಮೇಲೆ ಎರಡು ರಾಡ್, ಕೆಳಗೆ ಎರಡು ರಾಡ್ ಇವೆ. ಈಚೆಗೆ ಕೇಕಿನ ಮೇಲ್ಭಾಗ ಬೇಗ ಕಂದಾಗಿ ಬಿರಿಯುತ್ತದೆ, ತಳ ಮಾತ್ರ ಬೆಳ್ಳಗೆ, ಹಸಿಯಾಗಿ ಉಳಿಯುತ್ತದೆ. ಸಂಜೆಯ ಹೊತ್ತು ಇನ್ನೂ ಕೆಟ್ಟದು. ಓವನ್ನಿನ ದೀಪ ಉರಿಯುತ್ತದೆ, ಟೈಮರ್ ಗಂಟೆಯೂ ಬಾರಿಸುತ್ತದೆ. ರಿಪೇರಿಯವರು ಬಿಚ್ಚಿಯೂ ನೋಡದೆ, ‘ಥರ್ಮೋಸ್ಟಾಟ್ ಹೋಗಿದೆ, ಕಾಯಿಲ್ ಕೂಡ ವೀಕ್ ಆಗಿದೆ, ಹೊಸದು ತೆಗೆದುಕೊಳ್ಳಿ’ ಎಂದರು. ನಾನೇ ಪರೀಕ್ಷಿಸಬಹುದೇ? ಸ್ಟೆಬಿಲೈಸರ್ ಹಾಕಿಸಬೇಕೇ? ಸರಿಯಾಗುವ ತನಕ ಒಪ್ಪಿಕೊಂಡ ಆರ್ಡರುಗಳಿಗೆ ಏನು ಮಾಡಲಿ?

ಉತ್ತರ: ಮೊದಲು ಥರ್ಮೋಸ್ಟಾಟಿನ, ಅಂದರೆ ಶಾಖವನ್ನು ಹದದಲ್ಲಿಡುವ ಸ್ವಿಚ್ಚಿನ, ಮೇಲಿನ ಆರೋಪವನ್ನು ಇಳಿಸೋಣ. ಅದು ನಿರ್ದೋಷಿ ಎನ್ನುವುದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಇಂಥ ಓವನ್ನಿನಲ್ಲಿ ಕರೆಂಟ್ ಸಾಗುವ ದಾರಿ ತೀರ ಸರಳ. ಪ್ಲಗ್ಗಿನಿಂದ ಹೊರಟು ಟೈಮರ್, ಟೈಮರಿನಿಂದ ಥರ್ಮೋಸ್ಟಾಟ್, ಅಲ್ಲಿಂದ ‘ಮೇಲೆ, ಕೆಳಗೆ, ಎರಡೂ’ ಎಂದು ಆರಿಸುವ ಸೆಲೆಕ್ಟರ್ ಸ್ವಿಚ್. ಅಲ್ಲಿಯವರೆಗೆ ಇರುವುದು ಒಂದೇ ದಾರಿ. ಸೆಲೆಕ್ಟರ್ ದಾಟಿದ ಮೇಲೆ ದಾರಿ ಕವಲೊಡೆದು ಒಂದು ಮೇಲಿನ ರಾಡುಗಳಿಗೂ ಇನ್ನೊಂದು ಕೆಳಗಿನ ರಾಡುಗಳಿಗೂ ಹೋಗುತ್ತದೆ. ಮೇಲಿನ ರಾಡು ಕೇಕನ್ನು ಕಂದು ಮಾಡುವಷ್ಟು ಕಾಯುತ್ತಿದೆ ಎಂದರೆ ಪ್ಲಗ್, ವೈರ್, ಟೈಮರ್, ಥರ್ಮೋಸ್ಟಾಟ್ ಇವೆಲ್ಲವೂ ಕರೆಂಟನ್ನು ಸರಿಯಾಗಿ ದಾಟಿಸುತ್ತಿವೆ. ಥರ್ಮೋಸ್ಟಾಟ್ ಬೇಗ ಕಟ್ ಮಾಡುತ್ತಿದ್ದರೆ ಮೇಲೂ ಕೆಳಗೂ ಒಟ್ಟಿಗೆ ಸಪ್ಪೆಯಾಗುತ್ತಿತ್ತು. ಅದರ ಪಾಯಿಂಟ್ ಅಂಟಿಕೊಂಡಿದ್ದರೆ ಇಡೀ ಕೇಕ್ ಕರಕಲಾಗುತ್ತಿತ್ತು. ಒಂದೇ ಬದಿ ತಣ್ಣಗಿದೆ ಎಂದಾಗ ಹುಡುಕಬೇಕಾದದ್ದು ಕವಲಿನ ಆಚೆ. ಅಲ್ಲಿರುವುದು ಮೂರೇ: ಸೆಲೆಕ್ಟರಿನ ಒಂದು ಪಾಯಿಂಟ್, ರಾಡಿನ ತುದಿಯ ಕನೆಕ್ಟರ್, ಮತ್ತು ರಾಡು.

ದೀಪ ಉರಿಯುವುದನ್ನು ನಂಬಬೇಡಿ. ಆ ಪುಟ್ಟ ದೀಪಕ್ಕೆ ರಾಡಿನ ಸುಖದುಃಖ ಗೊತ್ತಿಲ್ಲ. ಅದು ಉರಿದರೆ ಟೈಮರ್ ದಾಟಿ ಕರೆಂಟ್ ಬಂದಿದೆ ಎಂದಷ್ಟೇ ಅರ್ಥ. ಹಾಗೆಯೇ, ಒಮ್ಮೆ ಸೆಲೆಕ್ಟರಿನ ಗುಬುಟು ಎಲ್ಲಿ ನಿಂತಿದೆ ಎಂದು ನೋಡಿ. ಒರೆಸುವಾಗ ಅದು ‘ಮೇಲೆ ಮಾತ್ರ’ಕ್ಕೆ ಜರುಗಿಬಿಟ್ಟು, ಓವನ್ ರಿಪೇರಿ ಅಂಗಡಿಯವರೆಗೆ ಪ್ರಯಾಣ ಮಾಡಿ ಬರುವುದು ಅಪರೂಪವೇನಲ್ಲ.

ಇನ್ನು ‘ಕಾಯಿಲ್ ವೀಕ್ ಆಗಿದೆ’ ಎಂಬ ಮಾತು. ಬಳ್ಳಾರಿ, ಕೊಪ್ಪಳ, ರಾಯಚೂರು ಯಾವ ಊರಿನ ಅಂಗಡಿಗೆ ಹೋದರೂ ಈ ಮಾತು ಸಿಗುತ್ತದೆ, ಗೀಜರಿಗೂ ಇಸ್ತ್ರಿ ಪೆಟ್ಟಿಗೆಗೂ ಇದೇ ರೋಗ. ನನಗೆ ಇದರಲ್ಲಿ ನಂಬಿಕೆ ಕಡಿಮೆ. ರಾಡಿನ ಒಳಗೆ ಇರುವುದು ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ನಿಕ್ರೋಮ್ ತಂತಿಯ ಸುರುಳಿ. ಅದರ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಗಟ್ಟಿಯಾಗಿ ತುಂಬಿ, ಹೊರಗೆ ಲೋಹದ ಕೊಳವೆ ಹೊದಿಸಿರುತ್ತಾರೆ. ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಕಾದು ಆರಿ, ಕಾದು ಆರಿ ತಂತಿಯ ಮೇಲೆ ಆಕ್ಸೈಡ್ ಪದರ ಬೆಳೆಯುತ್ತದೆ, ಯಾವುದೋ ಒಂದು ಜಾಗದಲ್ಲಿ ತಂತಿ ಸಣ್ಣಗಾಗುತ್ತದೆ. ಸಣ್ಣಗಾದ ಜಾಗ ಉಳಿದದ್ದಕ್ಕಿಂತ ಹೆಚ್ಚು ಕಾಯುತ್ತದೆ, ಹೆಚ್ಚು ಕಾದದ್ದಕ್ಕೆ ಇನ್ನಷ್ಟು ಸವೆಯುತ್ತದೆ, ಕೊನೆಗೊಂದು ದಿನ ಕಡಿದುಹೋಗುತ್ತದೆ. ಅಲ್ಲಿಯವರೆಗೆ ರಾಡು ಬಹುಮಟ್ಟಿಗೆ ತನ್ನ ಪೂರ್ತಿ ಶಾಖವನ್ನೇ ಕೊಡುತ್ತಿರುತ್ತದೆ. ವಯಸ್ಸಾದಂತೆ ಅದರ ಓಮ್ ಅಳತೆ, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ತುಸು ಏರಬಹುದು, ಆದರೆ ಅದರಿಂದ ಕೇಕಿನ ತಳ ಹಸಿಯಾಗುವುದಿಲ್ಲ. ರಾಡು ಬದುಕಿರುತ್ತದೆ, ಇಲ್ಲವೇ ಸತ್ತಿರುತ್ತದೆ. ಅರೆಜೀವದ ಹಾಗೆ ಕಾಣುವ ಓವನ್ನುಗಳಲ್ಲಿ ನಾನು ಮೊದಲು ಅನುಮಾನಿಸುವುದು ಮನೆಗೆ ಬರುವ ವೋಲ್ಟೇಜನ್ನು. ನಿಮ್ಮ ‘ಸಂಜೆ ಇನ್ನೂ ಕೆಟ್ಟದು’ ಎಂಬ ಮಾತು ಅದನ್ನೇ ಹೇಳುತ್ತಿದೆ. ನನ್ನ ಊಹೆ, ನಿಮ್ಮಲ್ಲಿ ಎರಡು ತೊಂದರೆಗಳು ಒಂದರ ಮೇಲೊಂದು ಕುಳಿತಿವೆ: ಕೆಳಗಿನ ಕಾಯಿಲ್ ನಿಂತಿದೆ, ಸಂಜೆಯ ವೋಲ್ಟೇಜ್ ಇಳಿಯುತ್ತಿದೆ. ಎರಡನ್ನೂ ಬೇರೆ ಬೇರೆಯಾಗಿ ಹಿಡಿಯಬೇಕು.

ಓವನ್ ಬಿಚ್ಚದೆ, ಯಾವ ಸಲಕರಣೆಯೂ ಇಲ್ಲದೆ ಮಾಡಬಹುದಾದ ಪರೀಕ್ಷೆಯೊಂದಿದೆ. ನಿಮ್ಮ ಮನೆಯ ಗೋಡೆಯ ಮೇಲಿನ ಜೆಸ್ಕಾಂ (ಕರೆಂಟ್ ಕಂಪನಿಯ) ಮೀಟರೇ ಇದಕ್ಕೆ ಸಾಕು. ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ಚುಕ್ಕಿ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಮುದ್ರಿಸಿರುತ್ತಾರೆ: 3200 ಅಥವಾ 1600, ಅಥವಾ ಬೇರೊಂದು ಸಂಖ್ಯೆ. ಫ್ರಿಜ್, ಫ್ಯಾನ್, ಇನ್ವರ್ಟರ್ ಎಲ್ಲವನ್ನೂ ಆರಿಸಿ, ಓವನ್ನಿನ ಸಾಕೆಟ್ ಒಂದೇ ಉಳಿಯಲಿ. ಓವನ್ ಪೂರ್ತಿ ತಣ್ಣಗಿರಬೇಕು. ಥರ್ಮೋಸ್ಟಾಟನ್ನು ಗರಿಷ್ಠಕ್ಕೆ ತಿರುಗಿಸಿ, ಸೆಲೆಕ್ಟರನ್ನು ‘ಮೇಲೆ ಮಾತ್ರ’ಕ್ಕೆ ಇಟ್ಟು, ಟೈಮರ್ ತಿರುಗಿಸಿ ಒಂದು ನಿಮಿಷ ಮಿನುಗುಗಳನ್ನು ಎಣಿಸಿ. ಆಮೇಲೆ ‘ಕೆಳಗೆ ಮಾತ್ರ’ಕ್ಕೆ ತಿರುಗಿಸಿ ಮತ್ತೊಂದು ನಿಮಿಷ ಎಣಿಸಿ. ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ಮೀಟರಿನ ಹತ್ತಿರ ನಿಂತರೆ ಸುಲಭ. 3200ರ ಮೀಟರಿನಲ್ಲಿ 800 ವ್ಯಾಟಿನ ಒಂದು ಬದಿ ನಿಮಿಷಕ್ಕೆ ಸುಮಾರು 43 ಸಲ ಮಿನುಗಿಸುತ್ತದೆ, ಎರಡೂ ಬದಿ ಸೇರಿ 1600 ವ್ಯಾಟಿಗೆ 85. ಮೀಟರು 1600ರದ್ದಾದರೆ ಇದರ ಅರ್ಧ. ‘ಕೆಳಗೆ ಮಾತ್ರ’ದಲ್ಲಿ ಚುಕ್ಕಿ ಸುಮ್ಮನಿದ್ದರೆ, ಅಥವಾ ಓವನ್ನಿನ ದೀಪದ ಪಾಲಿಗೆ ಒಂದೆರಡು ಸಲ ಮಾತ್ರ ಮಿನುಗಿದರೆ, ಕೆಳಗಿನ ಕವಲಿನಲ್ಲಿ ಕರೆಂಟ್ ಹರಿಯುತ್ತಲೇ ಇಲ್ಲ. ರೋಗದ ಜಾಗ ಸಿಕ್ಕಿತು. ಹಳೆಯ ತಿರುಗುವ ತಟ್ಟೆಯ ಮೀಟರಾದರೆ ಸುತ್ತುಗಳನ್ನು ಎಣಿಸಿ, ಮೇಲಿನ ಲೆಕ್ಕವನ್ನೂ ಕೆಳಗಿನ ಲೆಕ್ಕವನ್ನೂ ಹೋಲಿಸಿದರೆ ಸಾಕು. ಮೇಲಿನ ರಾಡುಗಳಿಗೂ ಕೆಳಗಿನವಕ್ಕೂ ವ್ಯಾಟ್ ಸಮನಾಗಿ ಹಂಚದ ಓವನ್ನುಗಳೂ ಇವೆ, ಆದ್ದರಿಂದ 43ರ ಬದಲು 35 ಬಂದರೆ ಗಾಬರಿಪಡಬೇಡಿ. ಸೊನ್ನೆ ಬಂದರೆ ಮಾತ್ರ ಅದಕ್ಕೆ ಬೇರೆ ಅರ್ಥವಿಲ್ಲ.

ಬಹಳ ಜನ ಕತ್ತಲೆಯಲ್ಲಿ ರಾಡು ಕೆಂಪಾಗುತ್ತದೆಯೇ ಎಂದು ನೋಡುತ್ತಾರೆ. ಅದು ಅರ್ಧ ಪರೀಕ್ಷೆ. ಕೆಂಪಾದರೆ ಸರಿ, ಜೀವವಿದೆ. ಕೆಂಪಾಗದಿದ್ದರೆ ಸತ್ತಿದೆ ಎಂದು ಹೇಳಲು ಬಾರದು. ವೋಲ್ಟೇಜ್ ಕಡಿಮೆ ಇದ್ದಾಗ ರಾಡು ಚೆನ್ನಾಗಿ ಕಾಯುತ್ತಿದ್ದರೂ ಕಣ್ಣಿಗೆ ಬಣ್ಣ ಕಾಣದೆ ಇರಬಹುದು. ಇದಕ್ಕಿಂತ ಬ್ರೆಡ್ ಚೂರುಗಳೇ ವಾಸಿ. ಜಾಲರಿಯ ತುಂಬ ಬ್ರೆಡ್ ಹರಡಿ, ‘ಎರಡೂ’ ಇಟ್ಟು ಕೆಲವು ನಿಮಿಷ ಬಿಟ್ಟು ಮಗುಚಿ ನೋಡಿ. ಯಾವ ಮಗ್ಗುಲು ಬಣ್ಣ ತಿರುಗಿಲ್ಲ, ಯಾವ ಮೂಲೆ ಬಿಳಿಚಿಕೊಂಡಿದೆ ಎಂಬುದು ನಿಮಗೇ ಕಾಣುತ್ತದೆ.

ಈಗ ಬಿಚ್ಚುವ ಕೆಲಸ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅದು ನಿಮ್ಮ ಕಣ್ಣೆದುರಿಗೇ ಇರುವಂತೆ ಓವನ್ನಿನ ಮೇಲಿಡಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದು ಸಾಮಾನ್ಯ, ಆಗ ಸ್ವಿಚ್ ಆರಿಸಿದರೂ ರಾಡಿನ ತುದಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಇನ್ನೊಂದು ಎಚ್ಚರಿಕೆ: ನಾನು ಹೇಳುತ್ತಿರುವುದೆಲ್ಲ ಓಟಿಜಿಗೆ ಮಾತ್ರ. ಮೈಕ್ರೋವೇವ್ ಓವನ್ನನ್ನು, ಅದರಲ್ಲಿ ಕನ್ವೆಕ್ಷನ್ ಇದ್ದರೂ, ಮನೆಯಲ್ಲಿ ಬಿಚ್ಚಲೇಬಾರದು. ಅದರೊಳಗಿನ ಕೆಪ್ಯಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು, ಅದು ಜೀವ ತೆಗೆಯುತ್ತದೆ.

ಓಟಿಜಿಯಲ್ಲಿ ಗುಬುಟುಗಳಿರುವ ಬದಿಯ ತಗಡು, ಕೆಲವು ಮಾದರಿಗಳಲ್ಲಿ ಎರಡೂ ಬದಿಯ ತಗಡು, ಸ್ಕ್ರೂ ತೆಗೆದರೆ ಬರುತ್ತದೆ. ಅಂಚು ಬ್ಲೇಡಿನಂತಿರುತ್ತದೆ, ಕೈ ಜೋಪಾನ. ಕೈ ಹಾಕುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಯಾವ ವೈರ್ ಎಲ್ಲಿತ್ತು ಎಂಬ ಜಗಳ ಆಮೇಲೆ ಬರುವುದಿಲ್ಲ. ಮೊದಲು ಬರೀ ನೋಡಿ. ರಾಡಿನ ಮೈಮೇಲೆ ಬೊಬ್ಬೆ, ಬಿರುಕು, ಸುಟ್ಟ ತೂತು, ಹೊರಗೆ ಉದುರಿದ ಬಿಳಿ ಪುಡಿ ಕಂಡರೆ ಮುಂದಿನ ಪರೀಕ್ಷೆಯೇ ಬೇಡ, ರಾಡು ಮುಗಿದಿದೆ. ಆಮೇಲೆ ರಾಡಿನ ತುದಿಗೆ ಸಿಕ್ಕಿಸಿದ ಚಪ್ಪಟೆ ಕನೆಕ್ಟರುಗಳನ್ನು ಒಂದೊಂದಾಗಿ ಅಲುಗಾಡಿಸಿ. ಸಡಿಲವಾಗಿದ್ದರೆ, ಕಪ್ಪಾಗಿದ್ದರೆ, ವೈರಿನ ಮೇಲಿನ ಗಾಜಿನ ನೂಲಿನ ತೋಳು ಕರಕಲಾಗಿ ಪುಡಿಯಾಗುತ್ತಿದ್ದರೆ ಅಪರಾಧಿ ಅದೇ ಇರಬಹುದು. ಸತ್ತ ಕಾಯಿಲ್ ಎಂದು ಬಂದ ಓವನ್ನುಗಳಲ್ಲಿ ಕಾಯಿಲ್ ಚೆನ್ನಾಗಿಯೇ ಇದ್ದು, ಕನೆಕ್ಟರ್ ಮಾತ್ರ ಸುಟ್ಟಿರುವುದನ್ನು ಸಾಕಷ್ಟು ನೋಡಿದ್ದೇನೆ.

ಕಣ್ಣಿಗೆ ಏನೂ ಸಿಗದಿದ್ದರೆ ಮಲ್ಟಿಮೀಟರ್ ಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಸಾಮಾನ್ಯ ಹಳದಿ ಮೀಟರ್ ಈ ಕೆಲಸಕ್ಕೆ ಧಾರಾಳ. ಸ್ಕ್ರೂಡ್ರೈವರಿನಂಥ ಟೆಸ್ಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಕಡಿದ ರಾಡಿನ ಫೇಸ್ ಬದಿಯ ತುದಿಯಲ್ಲೂ ಅದು ಚೆನ್ನಾಗಿಯೇ ಉರಿಯುತ್ತದೆ. ಎಲೆಕ್ಟ್ರಿಷಿಯನ್ನರು ಬಳಸುವ ಸೀರೀಸ್ ಬಲ್ಬ್ ಕಾಯಿಲ್ ಕಡಿದಿದೆಯೋ ಇಲ್ಲವೋ ಎಂದು ಹೇಳುತ್ತದೆ, ಎಷ್ಟು ಓಮ್ ಎಂದು ಹೇಳುವುದಿಲ್ಲ. ಅದಲ್ಲದೆ ಅದು ಜೀವಂತ ಕರೆಂಟಿನ ಆಟ, ನಿಮಗೆ ಬೇಡ.

ಅಳೆಯುವ ಮೊದಲು ನೀವು ನಿರೀಕ್ಷಿಸುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ವೋಲ್ಟನ್ನು ವೋಲ್ಟಿನಿಂದ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಓಮ್ ಬರುತ್ತದೆ. 230ನ್ನು 230ರಿಂದ ಗುಣಿಸಿದರೆ 52,900. ಅದನ್ನು 800ರಿಂದ ಭಾಗಿಸಿದರೆ 66. ಕೆಳಗಿನ ಬದಿಯಲ್ಲಿ ಒಟ್ಟು 66 ಓಮ್ ಹತ್ತಿರ ಬರಬೇಕು. ನಿಕ್ರೋಮ್ ತಂತಿಯ ಒಂದು ಉಪಕಾರವೆಂದರೆ, ತಣ್ಣಗಿದ್ದಾಗಲೂ ಕಾದಾಗಲೂ ಅದರ ಓಮ್ ಹೆಚ್ಚು ಬದಲಾಗುವುದಿಲ್ಲ. ಹಳೆಯ ಟಂಗ್‌ಸ್ಟನ್ ಬಲ್ಬು ಹಾಗಲ್ಲ, ತಣ್ಣಗಿರುವಾಗ ಅದರ ಓಮ್ ಉರಿಯುವಾಗಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹೀಗಾಗಿ ರಾಡನ್ನು ತಣ್ಣಗಿರುವಾಗ ಅಳೆದ ಲೆಕ್ಕವನ್ನು ನಂಬಬಹುದು.

ಮೀಟರನ್ನು 200 ಓಮ್‌ಗೆ ಇಟ್ಟು, ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಚಿಕ್ಕ ಅಂಕಿಯನ್ನು ನೆನಪಿಟ್ಟುಕೊಂಡು ಆಮೇಲೆ ಕಳೆಯಿರಿ. ರಾಡಿನ ಒಂದು ತುದಿಯ ಕನೆಕ್ಟರನ್ನಾದರೂ ಕಿತ್ತಿರಲೇಬೇಕು. ಹಾಗೆಯೇ ಬಿಟ್ಟು ಅಳೆದರೆ ಬೇರೆ ದಾರಿಯಿಂದ ಬಂದ ಓಮ್ ಕಾಣಿಸಿ ಮೋಸ ಹೋಗುತ್ತೀರಿ. ಈಗ ಒಂದೊಂದೇ ರಾಡನ್ನು ಅಳೆಯಿರಿ. ಇಲ್ಲಿ ಹೊಸಬರು ತಬ್ಬಿಬ್ಬಾಗುವ ಒಂದು ವಿಷಯವಿದೆ. ಅನೇಕ ಓಟಿಜಿಗಳಲ್ಲಿ ಕೆಳಗಿನ ಎರಡು ರಾಡುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿರುತ್ತಾರೆ, ಪ್ರತಿ ರಾಡಿಗೂ ಅರ್ಧ ವೋಲ್ಟೇಜ್. ಆಗ ಒಂದೊಂದು ರಾಡು 33 ಓಮ್ ತೋರಿಸುತ್ತದೆ. ಪಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿ ಜೋಡಿಸಿದ್ದರೆ ಒಂದೊಂದೂ 132 ಓಮ್. ಎರಡೂ ಸರಿಯೇ. ಒಂದರ ಹಿಂದೆ ಒಂದು ಇರುವ ಜೋಡಣೆಯಲ್ಲಿ ಒಂದು ರಾಡು ಕಡಿದರೆ ಜೊತೆಯ ಒಳ್ಳೆಯ ರಾಡೂ ತಣ್ಣಗೆ ಕೂರುತ್ತದೆ. ನಿಮ್ಮ ಇಡೀ ತಳ ಹಸಿಯಾಗುತ್ತಿದೆ ಎನ್ನುವುದರಿಂದ, ಕಡಿದದ್ದು ಒಂದು ರಾಡೇ ಆಗಿದ್ದರೆ, ನಿಮ್ಮದು ಇಂಥ ಜೋಡಣೆಯೇ ಇರಬೇಕು. ಪಕ್ಕಪಕ್ಕದ ಜೋಡಣೆಯಾಗಿದ್ದರೆ ಹಿಂದಿನ ಅಥವಾ ಮುಂದಿನ ಅರ್ಧ ಮಾತ್ರ ಹಸಿಯಾಗುತ್ತಿತ್ತು.

ಮೀಟರಿನ ಎಡತುದಿಯಲ್ಲಿ ಬರೀ ‘1’ ಅಥವಾ ‘ಓಎಲ್’ ಎಂದು ಬಂದರೆ ತಂತಿ ಕಡಿದಿದೆ. ಎರಡೂ ರಾಡು 33ರ (ಪಕ್ಕಪಕ್ಕದ ಜೋಡಣೆಯಾದರೆ 132ರ) ಆಸುಪಾಸು ಬಂದರೆ ರಾಡುಗಳಿಗೆ ನಮಸ್ಕಾರ ಹೇಳಿ ಸೆಲೆಕ್ಟರಿಗೆ ಹೋಗಿ. ಗುಬುಟನ್ನು ‘ಕೆಳಗೆ’ಗೆ ತಿರುಗಿಸಿ, ಒಳಬರುವ ಪಿನ್ನಿಗೂ ಕೆಳಗಿನ ರಾಡಿಗೆ ಹೋಗುವ ಪಿನ್ನಿಗೂ ನಡುವೆ ಅಳೆಯಿರಿ, ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಸ್ವಿಚ್ಚಿನೊಳಗಿನ ಪಾಯಿಂಟ್ ಸುಟ್ಟಿದೆ, ಅದು ರಾಡಿಗಿಂತ ಅಗ್ಗದ ಸಾಮಾನು. ತಣ್ಣಗಿದ್ದಾಗ ಸರಿ ತೋರಿಸಿ, ಕಾದ ಮೇಲೆ ಬಿರುಕು ಅಗಲವಾಗಿ ಕಡಿದುಕೊಳ್ಳುವ ರಾಡು ಕೂಡ ಅಪರೂಪಕ್ಕೆ ಇರುತ್ತದೆ. ಮೊದಲ ನಿಮಿಷ ಚೆನ್ನಾಗಿ ಮಿನುಗಿದ ಮೀಟರು, ಥರ್ಮೋಸ್ಟಾಟಿನ ಟಿಕ್ ಸದ್ದು ಬರುವ ಮೊದಲೇ ಸುಮ್ಮನಾದರೆ ಈ ಅನುಮಾನ ಪಡಬೇಕು.

ಇನ್ನೊಂದು ಅಳತೆಯನ್ನು ದಯವಿಟ್ಟು ಬಿಡಬೇಡಿ. ಮೀಟರನ್ನು ಅತಿ ದೊಡ್ಡ ಓಮ್‌ಗೆ ಇಟ್ಟು, ಒಂದು ಕಡ್ಡಿಯನ್ನು ರಾಡಿನ ತುದಿಗೂ ಇನ್ನೊಂದನ್ನು ರಾಡಿನ ಲೋಹದ ಮೈಗೂ ತಾಗಿಸಿ. ಇಲ್ಲಿ ‘1’ ಅಥವಾ ‘ಓಎಲ್’ ಬರುವುದೇ ಆರೋಗ್ಯ. ಏನಾದರೂ ಅಂಕಿ ಬಂದರೆ ಕರೆಂಟ್ ಮೈಗೆ ಸೋರುತ್ತಿದೆ. ಒಳಗಿನ ಬಿಳಿ ಪುಡಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿ ಕುಳಿತ ಓವನ್ ಹಚ್ಚಿದ ಕೂಡಲೆ, ಸೋರಿಕೆ ಕಂಡರೆ ಕರೆಂಟ್ ಕಡಿಯುವ ಮನೆಯ ಆರ್‌ಸಿಸಿಬಿ ಬೀಳುವುದು ಇದರಿಂದಲೇ. ಹಳದಿ ಮೀಟರಿನ ಬ್ಯಾಟರಿಗೆ ಈ ಸೋರಿಕೆ ಕೆಲವೊಮ್ಮೆ ಕಾಣುವುದಿಲ್ಲ, 500 ವೋಲ್ಟಿನ ಮೆಗ್ಗರ್ (ಇಂಥ ಸೋರಿಕೆ ಅಳೆಯುವ ಮೀಟರ್) ಇರುವವರಲ್ಲಿ ತೋರಿಸಿ. ಒಂದು ಮೆಗಾ ಓಮ್‌ಗಿಂತ ಕೆಳಗೆ ಬಂದರೆ ನಾನು ಆ ರಾಡನ್ನು ಹಾಗೆಯೇ ಬಳಸಲು ಬಿಡುವುದಿಲ್ಲ. ಬರೀ ತೇವವಾದರೆ ರಾಡನ್ನು ಬಿಚ್ಚಿ ಚೆನ್ನಾಗಿ ಒಣಗಿಸಿದ ಮೇಲೆ ಅಳತೆ ಏರುತ್ತದೆ, ಏರದಿದ್ದರೆ ಬದಲಿಸುವುದೇ.

ಇಲ್ಲಿ ನನಗೆ ಸಿಟ್ಟು ಬರುವ ಒಂದು ಸಂಗತಿ ಹೇಳಿಬಿಡುತ್ತೇನೆ. ಓವನ್ ಹಚ್ಚಿದಾಗ ಟ್ರಿಪ್ ಆಗುತ್ತದೆ ಎಂದರೆ ಪ್ಲಗ್ಗಿನೊಳಗಿನ ಅರ್ಥ್ ವೈರನ್ನು ಕತ್ತರಿಸಿ ‘ಸರಿಯಾಯಿತು’ ಎಂದು ದುಡ್ಡು ತೆಗೆದುಕೊಂಡು ಹೋಗುವವರಿದ್ದಾರೆ. ಟ್ರಿಪ್ ನಿಂತದ್ದು ನಿಜ. ಆದರೆ ಸೋರುವ ಕರೆಂಟ್ ಎಲ್ಲಿಗೂ ಹೋಗಿಲ್ಲ, ಓವನ್ನಿನ ಹಿಡಿಕೆಯಲ್ಲಿ ನಿಮ್ಮ ಒದ್ದೆ ಕೈಗಾಗಿ ಕಾಯುತ್ತಿದೆ. 30 ಮಿಲಿ ಆಂಪಿಯರಿಗೆ ಬೀಳುವ ಆರ್‌ಸಿಸಿಬಿ ನಿಮ್ಮ ಜೀವ ಉಳಿಸಲೆಂದೇ ಬೀಳುತ್ತದೆ. ಅದನ್ನು ದಾಟಿಸಿ ಕೊಡುವ ರಿಪೇರಿಗೆ ಒಪ್ಪಲೇಬೇಡಿ.

ಇನ್ನು ಸಂಜೆಯ ಕಥೆ. ಶಕ್ತಿನಗರದಲ್ಲೂ ಕುಡಿತಿನಿಯಲ್ಲೂ ಉಷ್ಣ ವಿದ್ಯುತ್ ಸ್ಥಾವರಗಳನ್ನು ಇಟ್ಟುಕೊಂಡ ಸೀಮೆಯಲ್ಲಿ ವೋಲ್ಟೇಜಿಗೆ ಬರವೇ ಎಂದು ನೀವು ಕೇಳಬಹುದು. ಸ್ಥಾವರ ಹತ್ತಿರವಿದ್ದ ಮಾತ್ರಕ್ಕೆ ನಿಮ್ಮ ಸಾಕೆಟ್ಟಿಗೆ ಲಾಭವಿಲ್ಲ. ಲೆಕ್ಕಕ್ಕೆ ಬರುವುದು ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್, ಅದರ ಮೇಲಿನ ಹೊರೆ, ಅಲ್ಲಿಂದ ನಿಮ್ಮ ಮನೆಗೆ ಇರುವ ತಂತಿಯ ಉದ್ದ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನಿಗೆ ನೀರು ಹೇಗೋ, ಲೈನಿನ ಕೊನೆಯ ಮನೆಗೆ ವೋಲ್ಟೇಜೂ ಹಾಗೆಯೇ. ಬೇಸಿಗೆಯ ಸಂಜೆ ಕೂಲರ್, ಎಸಿಗಳೆಲ್ಲ ಒಟ್ಟಿಗೆ ಎಳೆದುಕೊಂಡಾಗ ಮೇಲಿನವರು ಕುಡಿದು ಮಿಕ್ಕದ್ದು ನಿಮಗೆ. ಓವನ್ನಿಗೆ ಇದರ ಪೆಟ್ಟು ದುಪ್ಪಟ್ಟು ಬೀಳುತ್ತದೆ, ಏಕೆಂದರೆ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇದ್ದದ್ದು 200 ಆದರೆ 1600 ವ್ಯಾಟಿನ ಓವನ್ ಸುಮಾರು 1210 ವ್ಯಾಟ್ ಕೊಡುತ್ತದೆ. 180ಕ್ಕೆ ಇಳಿದರೆ 980 ಮಾತ್ರ. ವೋಲ್ಟೇಜ್ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಶಾಖ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗಿರುತ್ತದೆ. ಇದನ್ನೇ ಅಂಗಡಿಯಲ್ಲಿ ‘ವೀಕ್ ಕಾಯಿಲ್’ ಎಂದು ಮಾರುತ್ತಾರೆ.

ಸಾಕೆಟ್ಟಿನ ವೋಲ್ಟೇಜನ್ನು ಎರಡು ಸಲ ನೋಡಬೇಕು, ಓವನ್ ಆರಿಸಿದ್ದಾಗ ಒಮ್ಮೆ, ಹಚ್ಚಿದಾಗ ಒಮ್ಮೆ. ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಡಿಜಿಟಲ್ ವೋಲ್ಟ್‌ಮೀಟರ್ ಸಿಗುತ್ತದೆ, ಜೀವಂತ ಸಾಕೆಟ್ಟಿಗೆ ಮಲ್ಟಿಮೀಟರಿನ ಕಡ್ಡಿ ತುರುಕುವುದಕ್ಕಿಂತ ಅದು ಕ್ಷೇಮ. ಆರಿಸಿದ್ದಾಗಲೇ 190 ಇದ್ದರೆ ತೊಂದರೆ ಬೀದಿಯದು. ಅಕ್ಕಪಕ್ಕದವರನ್ನು ಸೇರಿಸಿಕೊಂಡು 1912ಕ್ಕೆ ದೂರು ಕೊಡಿ, ಹೊತ್ತು ಮತ್ತು ಅಂಕಿ ಬರೆದಿಟ್ಟುಕೊಂಡಿದ್ದರೆ ದೂರಿಗೆ ತೂಕ ಬರುತ್ತದೆ. ಆರಿಸಿದ್ದಾಗ 225 ಇದ್ದು, ಹಚ್ಚಿದ ಕೂಡಲೆ 200ಕ್ಕೆ ಬಿದ್ದರೆ ಜೆಸ್ಕಾಂ ಕಡೆ ಕೈ ತೋರಿಸುವ ಮೊದಲು ನಿಮ್ಮ ಮನೆಯ ವೈರಿಂಗ್ ನೋಡಿಸಿ. ನಿಮ್ಮ ಓವನ್ ಎರಡೂ ಬದಿ ನಡೆದಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ಒಳ್ಳೆಯ 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 20 ಮೀಟರ್ ದೂರಕ್ಕೆ ಅದು ಇಳಿಸುವುದು ಬರೀ 2 ವೋಲ್ಟ್. 25 ವೋಲ್ಟ್ ಇಳಿಯುತ್ತಿದೆ ಎಂದರೆ ಎಲ್ಲೋ ಒಂದು ಕಡೆ ಸ್ಕ್ರೂ ಸಡಿಲವಾಗಿದೆ ಅಥವಾ ಜಾಯಿಂಟ್ ಸುಟ್ಟಿದೆ, ಮತ್ತು ಆ ಜಾಗದಲ್ಲಿ 150 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತಿರಬಹುದು. ಗೋಡೆಯೊಳಗೆ, ನೀವು ಕಾಣದ ಜಾಗದಲ್ಲಿ. ಕೇಕಿನ ಚಿಂತೆಗಿಂತ ದೊಡ್ಡ ಚಿಂತೆ ಅದು, ಅದು ಸರಿಯಾಗುವ ತನಕ ಆ ಸಾಕೆಟ್ಟಿನಲ್ಲಿ ಓವನ್ ಹಚ್ಚಬೇಡಿ.

ಇದೇ ಕಾರಣಕ್ಕೆ, ನಿಮ್ಮ ಓವನ್ 16 ಆಂಪಿಯರಿನ ದೊಡ್ಡ ಸಾಕೆಟ್ಟಿನಲ್ಲಿರಬೇಕು. 6 ಆಂಪಿಯರಿನ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ನಡೆಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಪ್ಲಗ್ಗನ್ನು ಓವನ್ ಅರ್ಧ ಗಂಟೆ ನಡೆದ ಮೇಲೆ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಬಿಸಿಯಾದರೆ ಸಾಕೆಟ್ ಬದಲಿಸಬೇಕು.

ಸ್ಟೆಬಿಲೈಸರ್ ಬೇಡ. 1600 ವ್ಯಾಟಿಗೆ ಕನಿಷ್ಠ 2 ಕೆವಿಎ ಬೇಕಾಗುತ್ತದೆ, ಆ ದುಡ್ಡು ಓವನ್ನಿನ ಬೆಲೆಯ ಹತ್ತಿರವೇ ಹೋಗುತ್ತದೆ. ರಾಡಿಗೆ ಕಡಿಮೆ ವೋಲ್ಟೇಜಿನಿಂದ ಹಾನಿಯಿಲ್ಲ, ತಡವಾಗುತ್ತದೆ ಅಷ್ಟೆ. ಥರ್ಮೋಸ್ಟಾಟ್ ಸರಿಯಿದ್ದರೆ ಅದು ಹೇಳಿದ ಶಾಖ ಬರುವ ತನಕ ಕಾಯಿಸುತ್ತಲೇ ಇರುತ್ತದೆ. ನೀವು ಪ್ರೀಹೀಟಿಗೆ ಹತ್ತು ನಿಮಿಷ ಎಂದು ಲೆಕ್ಕ ಹಾಕುವ ಬದಲು, ಥರ್ಮೋಸ್ಟಾಟ್ ಮೊದಲ ಸಲ ಟಿಕ್ ಎಂದು ಕಟ್ ಆಗುವ ತನಕ ಕಾದು ಆಮೇಲೆ ಹಿಟ್ಟಿನ ಟಿನ್ ಒಳಗಿಡಿ. ಓವನ್ನಿನೊಳಗೆ ಇಡುವ ಚಿಕ್ಕ ಥರ್ಮಾಮೀಟರ್ ಕೊಂಡರೆ ಅದು ಸ್ಟೆಬಿಲೈಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆರ್ಡರಿನ ಕೇಕುಗಳನ್ನು ಬೆಳಿಗ್ಗೆ ಮಾಡಿಟ್ಟು, ಸಂಜೆಯನ್ನು ಕ್ರೀಮು ಹಚ್ಚುವುದಕ್ಕೆ ಇಟ್ಟುಕೊಳ್ಳಿ.

ರಾಡು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಗಂಗಾವತಿಯಲ್ಲಿ ಸಿಗದಿದ್ದರೆ ಹೊಸಪೇಟೆ ಅಥವಾ ಬಳ್ಳಾರಿಯ ಬಿಡಿಭಾಗಗಳ ಅಂಗಡಿಯಲ್ಲಿ ವಿಚಾರಿಸಿ. ಉದ್ದ, ದಪ್ಪ, ತುದಿಯ ಆಕಾರ ಹೊಂದಿದರೆ ಸಾಲದು, ಓಮ್ ಕೂಡ ಹೊಂದಬೇಕು. ಅಂಗಡಿಯಲ್ಲೇ ಮೀಟರ್ ಹಿಡಿದು ಅಳೆಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಬೇರೆ ಅಂಗಡಿ ನೋಡಿ. 33 ಓಮ್ ರಾಡಿನ ಜಾಗಕ್ಕೆ 132 ಓಮ್ ರಾಡು ಹಾಕಿದರೆ ಇಡೀ ತಳದ ಶಾಖ 320 ವ್ಯಾಟಿಗೆ ಇಳಿಯುತ್ತದೆ, ಅದರಲ್ಲೂ ಹೆಚ್ಚಿನದು ಹೊಸ ರಾಡಿನದೇ, ಕೇಕ್ ಒಂದು ಬದಿ ಮಾತ್ರ ಬೇಯುತ್ತದೆ. ಅರ್ಧ ವೋಲ್ಟೇಜಿನ 33 ಓಮ್ ರಾಡನ್ನು ನೇರವಾಗಿ 230ಕ್ಕೆ ಜೋಡಿಸಿದರೆ ಅದು ನಾಲ್ಕು ಪಟ್ಟು ಕಾದು ಬೇಗ ಸುಟ್ಟುಹೋಗುತ್ತದೆ. ಜೋಡಿಯಲ್ಲಿ ಒಂದು ಸತ್ತಿದ್ದರೆ, ಎರಡನ್ನೂ ಒಂದೇ ಕಂಪನಿಯದು ಹಾಕಿಸುವುದು ನನ್ನ ರೂಢಿ. ತುದಿಗೆ ಬೆಸುಗೆ ಹಾಕಬಾರದು, ಓವನ್ನಿನ ಶಾಖಕ್ಕೆ ಸೀಸದ ಬೆಸುಗೆ ಕರಗಿ ಬೀಳುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಟೇಪೂ ಬೇಡ. ಹೊಸ ಕನೆಕ್ಟರನ್ನು ಗಟ್ಟಿಯಾಗಿ ಒತ್ತಿಸಿ, ಗಾಜಿನ ನೂಲಿನ ತೋಳು ಹಾಕಿಸಿ. ಕಾಯಿಲ್ ಒಲೆಯ ತಂತಿ ಕಡಿದಾಗ ತಿರುಚಿ ಜೋಡಿಸುವ ಹಾಗೆ ಈ ರಾಡನ್ನು ಒಡೆದು ಜೋಡಿಸಲು ಬರುವುದಿಲ್ಲ, ಯಾರಾದರೂ ಮಾಡಿಕೊಡುತ್ತೇನೆ ಎಂದರೆ ನಗುತ್ತಾ ಹೊರಟುಬಿಡಿ. ಹೊಸ ರಾಡು ಮೊದಲ ಸಲ ಕಾಯುವಾಗ ಹೊಗೆಯೂ ಎಣ್ಣೆಯ ವಾಸನೆಯೂ ಬರುತ್ತವೆ. ಕಿಟಕಿ ತೆರೆದು, ಖಾಲಿ ಓವನ್ನನ್ನು ಹದಿನೈದು ನಿಮಿಷ ನಡೆಸಿ ಆಮೇಲೆ ತಿನ್ನುವ ಪದಾರ್ಥ ಇಡಿ.

ರಾಡು ಸಿಗುವ ತನಕದ ಆರ್ಡರುಗಳ ಬಗ್ಗೆ ಕೇಳಿದ್ದೀರಿ. ಕೆಳಗಿನ ರಾಡಿನ ಮೈಯಲ್ಲಿ ತೂತು, ಬೊಬ್ಬೆ ಇಲ್ಲದಿದ್ದರೆ, ಮೈಗೆ ಸೋರಿಕೆಯೂ ಇಲ್ಲದಿದ್ದರೆ, ಮೇಲಿನ ರಾಡಿನಿಂದ ಮಾತ್ರ ಕೆಲಸ ನಡೆಸಲು ಅಡ್ಡಿಯಿಲ್ಲ. ಟಿನ್ನನ್ನು ಅತಿ ಕೆಳಗಿನ ಸ್ಥಾನದಲ್ಲಿಡಿ, ಮೇಲೆ ಅಲ್ಯೂಮಿನಿಯಂ ಹಾಳೆ ಸಡಿಲವಾಗಿ ಮುಚ್ಚಿ, ಶಾಖವನ್ನು ಇಪ್ಪತ್ತು ಡಿಗ್ರಿ ಇಳಿಸಿ, ಹೊತ್ತು ಹೆಚ್ಚು ಕೊಡಿ. ಹಾಳೆಯನ್ನು ಕೆಳಗಿನ ರಾಡುಗಳ ಮೇಲೆ ಮಾತ್ರ ಯಾವತ್ತೂ ಹಾಸಬೇಡಿ. ಹೀಗೆ ಚಿಕ್ಕ, ತೆಳು ಕೇಕುಗಳು ಬರುತ್ತವೆ, ಒಂದು ಕಿಲೋ ಕೇಕಿಗೆ ಕೈ ಹಾಕಬೇಡಿ. ದೊಡ್ಡದು ಬೇಕೇ ಬೇಕಾದರೆ ಓವನ್ನನ್ನು ಬಿಟ್ಟು ಹಳೆಯ ದಾರಿಗೆ ಬನ್ನಿ: ದಪ್ಪ ತಳದ ಕುಕ್ಕರಿನಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ವಿಸಿಲ್ ತೆಗೆದು, ಒಳಗೊಂದು ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ ಬೇಯಿಸಿ. ತಳದ ಶಾಖಕ್ಕೆ ಅಲ್ಲಿ ಕೊರತೆಯಿಲ್ಲ, ಮೇಲ್ಭಾಗ ಬಣ್ಣ ತಿರುಗುವುದಿಲ್ಲ, ಆದರೆ ಕ್ರೀಮಿನ ಕೆಳಗೆ ಅದು ಯಾರಿಗೂ ಕಾಣುವುದಿಲ್ಲ. ಬಿಸ್ಕತ್ತಿನ ಆರ್ಡರುಗಳನ್ನು ಮಾತ್ರ ಮುಂದೂಡಿ. ಮೇಲಿನ ಶಾಖ ಒಂದರಲ್ಲೇ ಅವು ಸಮನಾಗಿ ಗರಿಗರಿಯಾಗುವುದು ಕಷ್ಟ.